ಬೇಫೋರ್ಟಸ್: ಕೂಸಿನ ಮೊದಲ ಚಳಿಗಾಲಕ್ಕೆ ಒಂದೇ ಸೂಜಿ

ಮನೆಯಲ್ಲಿ ಎಂಟು ತಿಂಗಳೊಳಗಿನ ಕೂಸಿದೆ, ಚಳಿಗಾಲ ಹತ್ತಿರ ಬಂದಿದೆ, ತಾಯಿ ಬಸುರಿಯಾಗಿದ್ದಾಗ ಆರ್‌ಎಸ್‌ವಿ (ಕೂಸುಗಳ ಎದೆ ಕಟ್ಟಿಸುವ ಒಂದು ವೈರಸ್) ಲಸಿಕೆ ಹಾಕಿಸಿಕೊಂಡಿಲ್ಲ ಎಂದಾದರೆ, ಆ ವೈರಸ್ಸನ್ನು ತಡೆಯುವ ಬೇಫೋರ್ಟಸ್ ಇಂಜೆಕ್ಷನ್ ಹಾಕಿಸಿಬಿಡಿ. ನನ್ನ ತೀರ್ಪು ಇಷ್ಟೇ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಉಳಿದ ಅರ್ಧ ಯಾಕೆ ಕಳೆದೆ ಎಂಬುದನ್ನು ಮುಂದೆ ಹೇಳುತ್ತೇನೆ. ನ್ಯೂಜೆರ್ಸಿಯಲ್ಲಿರುವ ನಮ್ಮ ಕನ್ನಡದ ಹುಡುಗಿಯರು ಸಿಕ್ಕಾಗಲೆಲ್ಲ "ಇನ್ನೂ ಹಸುಗೂಸು ಆಂಟಿ, ಈಗಲೇ ಇನ್ನೊಂದು ಇಂಜೆಕ್ಷನ್ ಬೇಕಾ?" ಎಂದು ಕೇಳುತ್ತಾರೆ. ಅವರಿಗಾಗಿಯೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಮಲೆನಾಡಿನ ಒಂದು ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ವರ್ಷಗಟ್ಟಲೆ ಸ್ಟಾಫ್ ನರ್ಸ್ ಆಗಿದ್ದೆ. ಆಮೇಲೆ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಸೂಕ್ಷ್ಮಜೀವಿಶಾಸ್ತ್ರ ಪಾಠ ಹೇಳುತ್ತ ನಿವೃತ್ತಳಾದೆ. ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಯ ಎಡಿಸನ್‌ಗೆ ಬಂದಿದ್ದೇನೆ. ಮೊಮ್ಮಗಳಿಗೆ ಈ ಇಂಜೆಕ್ಷನ್ ಹಾಕುವಾಗ ಅವಳ ಕಾಲು ಹಿಡಿದುಕೊಂಡಿದ್ದವಳು ನಾನೇ.

ಆರ್‌ಎಸ್‌ವಿ ಅನ್ನುವ ಹೆಸರು ಆಗ ನಮ್ಮ ವಾರ್ಡಿನಲ್ಲಿ ಕಿವಿಗೆ ಬೀಳುತ್ತಿದ್ದುದೇ ಅಪರೂಪ. ಯಾವ ವೈರಸ್ ಎಂದು ಪರೀಕ್ಷೆ ಮಾಡಿಸುವ ಅನುಕೂಲ ಇರಲಿಲ್ಲ. ಕೇಸ್ ಶೀಟಿನಲ್ಲಿ ಬ್ರಾಂಕಿಯೊಲೈಟಿಸ್ (ಶ್ವಾಸಕೋಶದ ಸಣ್ಣ ನಾಳಗಳ ಉರಿಯೂತ) ಎಂದು ಬರೆದು ಸುಮ್ಮನಾಗುತ್ತಿದ್ದೆವು. ಮಳೆ ಹಿಡಿದ ತಿಂಗಳುಗಳಲ್ಲಿ ಎರಡು ತಿಂಗಳ, ಮೂರು ತಿಂಗಳ ಕೂಸುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಮೊದಲು ಬರೀ ನೆಗಡಿ. ಎರಡು ಮೂರು ದಿನ ಕಳೆಯುವುದರೊಳಗೆ ಉಸಿರು ನಿಮಿಷಕ್ಕೆ 60 ದಾಟುತ್ತದೆ, ಪಕ್ಕೆ ಒಳಕ್ಕೆ ಸೆಳೆಯುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಹಾಲಿಗೆ ಬಾಯಿ ಹಾಕಿದ ಕೂಸು ಎರಡು ಗುಟುಕಿಗೇ ಬಿಟ್ಟು ಅಳುತ್ತದೆ. ಶ್ವಾಸಕೋಶದ ಕಟ್ಟಕಡೆಯ ಸಣ್ಣ ನಾಳಗಳು ಬಾತು, ಉದುರಿದ ಜೀವಕೋಶ ಮತ್ತು ಲೋಳೆಯಿಂದ ಕಟ್ಟಿಕೊಂಡಿರುತ್ತವೆ. ದೊಡ್ಡವರಿಗೆ ಈ ವೈರಸ್ ಸಾಮಾನ್ಯವಾಗಿ ಒಂದು ನೆಗಡಿಯಷ್ಟೇ. ಕೂಸಿನ ನಾಳ ಅಷ್ಟು ಕಿರಿದಾಗಿರುವುದರಿಂದ ಅದಕ್ಕೆ ಪ್ರಾಣಸಂಕಟ. ಆಮ್ಲಜನಕ ಕೊಡುವುದು, ಮೂಗಿನ ಲೋಳೆ ಹೀರಿ ತೆಗೆಯುವುದು, ಮೂಗಿನ ನಳಿಕೆಯಲ್ಲಿ ತಾಯಿಯ ಹಾಲು ಇಳಿಸುವುದು, ಕಾಯುವುದು. ಇಷ್ಟು ಬಿಟ್ಟರೆ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಆ್ಯಂಟಿಬಯೋಟಿಕ್ ಹಾಕಿ ಸಿಸ್ಟರ್ ಎಂದು ಅಪ್ಪಂದಿರು ಕೈಮುಗಿಯುತ್ತಿದ್ದರು. ವೈರಸ್ಸಿನ ಮೇಲೆ ಅದು ನಡೆಯುವುದಿಲ್ಲ ಎಂದು ಹೇಳುವಾಗ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಇದು ನಮ್ಮ ವಾರ್ಡಿನ ಕಥೆ ಮಾತ್ರವಲ್ಲ. 2019ನೇ ಇಸವಿಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 36 ಲಕ್ಷ ಮಕ್ಕಳು ಈ ವೈರಸ್ಸಿನಿಂದ ಆಸ್ಪತ್ರೆ ಸೇರಿದರು, ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಆ ಸಾವುಗಳಲ್ಲಿ ಶೇಕಡಾ 97ರಷ್ಟು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ.

ಈಗ ಇಂಜೆಕ್ಷನ್ ವಿಚಾರ. ಬೇಫೋರ್ಟಸ್ ಎಂಬುದು ಮಾರಾಟದ ಹೆಸರು, ಒಳಗಿರುವ ಔಷಧ ನಿರ್ಸೆವಿಮ್ಯಾಬ್. ಆಸ್ಟ್ರಜೆನೆಕಾ ಮತ್ತು ಸನೋಫಿ ಸೇರಿ ತಂದದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು. ತುಂಬಿಸಿಟ್ಟ ಸಿರಿಂಜಿನಲ್ಲೇ ಬರುತ್ತದೆ. ಐದು ಕಿಲೋಗಿಂತ ಕಡಿಮೆ ತೂಕದ ಕೂಸಿಗೆ 50 ಮಿಲಿಗ್ರಾಂ, ಅದರ ತಳ್ಳುಕಡ್ಡಿ ನೇರಳೆ ಬಣ್ಣ. ಐದು ಕಿಲೋ ಮತ್ತು ಅದಕ್ಕೆ ಮೇಲ್ಪಟ್ಟವರಿಗೆ 100 ಮಿಲಿಗ್ರಾಂ, ಅದು ತಿಳಿನೀಲಿ. ಗಡಿಬಿಡಿಯ ವಾರ್ಡಿನಲ್ಲಿ ಬಾಟಲಿಯಿಂದ ಔಷಧ ಎಳೆದು ಲೆಕ್ಕ ಹಾಕಿ ದಣಿದ ನನ್ನಂಥವರಿಗೆ ಈ ಬಣ್ಣದ ಗುರುತಿನ ಬೆಲೆ ಗೊತ್ತು. ದೂರದಿಂದ ನೋಡಿದರೂ ಡೋಸ್ ತಪ್ಪುವುದಿಲ್ಲ. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಅಲುಗಾಡಿಸಬಾರದು. ಹೊರಗೆ ತೆಗೆದ ಮೇಲೆ ಎಂಟು ಗಂಟೆಯೊಳಗೆ ಬಳಸಬೇಕು.

ಮೊಮ್ಮಗಳಿಗೆ ಅಕ್ಟೋಬರಿನಲ್ಲಿ ನೇರಳೆ ಸಿರಿಂಜು, ತೊಡೆಯ ಮುಂಭಾಗದ ಹೊರ ಅಂಚಿನಲ್ಲಿ. ಅರ್ಧ ಮಿಲಿಲೀಟರ್. ಅತ್ತಳು, ಹಾಲು ಕುಡಿದಳು, ಮಲಗಿದಳು. ಸೂಜಿ ಚುಚ್ಚಿದ ಜಾಗ ಸಂಜೆಯವರೆಗೆ ಸ್ವಲ್ಪ ಕೆಂಪಗಿತ್ತು, ಜ್ವರ ಬರಲಿಲ್ಲ. ಪ್ರಯೋಗಗಳಲ್ಲೂ ಕಂಡದ್ದು ಮುಖ್ಯವಾಗಿ ಇಂಥವೇ: ನೂರಕ್ಕೆ ಒಂದಕ್ಕಿಂತ ಕಡಿಮೆ ಮಕ್ಕಳಲ್ಲಿ ಮೈಮೇಲೆ ದದ್ದು, ಅದಕ್ಕಿಂತ ಕಡಿಮೆ ಮಕ್ಕಳಲ್ಲಿ ಚುಚ್ಚಿದ ಜಾಗದಲ್ಲಿ ನೋವು ಅಥವಾ ಊತ. ತೀವ್ರ ಅಲರ್ಜಿ ಯಾವುದೇ ಇಂಜೆಕ್ಷನ್ನಿನಂತೆ ಇಲ್ಲೂ ಅಪರೂಪಕ್ಕೆ ಆಗಬಹುದು, ಆದ್ದರಿಂದ ಹಾಕಿಸಿದ ಕೂಡಲೇ ಹೊರಟುಬಿಡದೆ ಸ್ವಲ್ಪ ಹೊತ್ತು ಅಲ್ಲೇ ಕೂತಿರಿ. ಅವತ್ತು ಎಣ್ಣೆ ಹಚ್ಚುವಾಗ ಆ ತೊಡೆಯನ್ನು ತಿಕ್ಕಬೇಡಿ. ಬಾಣಂತನದ ಮಾತು ಬಂದಿದ್ದಕ್ಕೆ ಇನ್ನೊಂದು: ಎಣ್ಣೆ ನೀರು ಚೆನ್ನಾಗಿ ನಡೆಯಲಿ, ಆದರೆ ಸಾಂಬ್ರಾಣಿ ಹೊಗೆ ಬೇಡ. ಕೂಸಿನ ಉಸಿರಿನ ನಾಳಕ್ಕೆ ಯಾವ ಹೊಗೆಯೂ ಒಳ್ಳೆಯದಲ್ಲ.

ಇದು ಲಸಿಕೆಯಲ್ಲ. ಲಸಿಕೆ ಹಾಕಿದರೆ ಕೂಸಿನ ದೇಹವೇ ಪ್ರತಿಕಾಯ, ಅಂದರೆ ರೋಗಾಣುವನ್ನು ಹಿಡಿದು ತಡೆಯುವ ಪ್ರೋಟೀನು, ತಯಾರಿಸಬೇಕು, ಅದಕ್ಕೆ ವಾರಗಟ್ಟಲೆ ಬೇಕು. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಆ ಶಕ್ತಿ ಇನ್ನೂ ಎಳೆಯದು, ಆರ್‌ಎಸ್‌ವಿ ಕಾಡುವುದೂ ಆ ತಿಂಗಳುಗಳಲ್ಲೇ. ಬೇಫೋರ್ಟಸ್‌ನಲ್ಲಿ ಪ್ರತಿಕಾಯವೇ ಸಿದ್ಧವಾಗಿ ಬರುತ್ತದೆ. ಆದರೆ ಸಾಮಾನ್ಯ ಪ್ರತಿಕಾಯ ಕೊಟ್ಟರೆ ಒಂದು ತೊಡಕು: ರಕ್ತದಲ್ಲಿ ಅದರ ಪ್ರಮಾಣ ಸುಮಾರು ಮೂರು ವಾರಕ್ಕೆ ಅರ್ಧಕ್ಕಿಳಿಯುತ್ತದೆ. 1998ರಲ್ಲಿ ಬಂದ ಸಿನಾಜಿಸ್ ಎಂಬ ಹಳೆಯ ಪ್ರತಿಕಾಯದ ಔಷಧವನ್ನು ಅದಕ್ಕಾಗಿಯೇ ಚಳಿಗಾಲದುದ್ದಕ್ಕೂ ಪ್ರತಿ ತಿಂಗಳು, ಸಾಮಾನ್ಯವಾಗಿ ಐದು ಸಲ, ತೂಕಕ್ಕೆ ತಕ್ಕಂತೆ ಕೊಡಬೇಕಾಗಿತ್ತು. ಅಷ್ಟೂ ಸಲ ಕೊಟ್ಟರೂ ಅದರ ಮುಖ್ಯ ಪ್ರಯೋಗದಲ್ಲಿ ಆಸ್ಪತ್ರೆ ಸೇರುವುದು ಕಡಿಮೆಯಾದದ್ದು ಶೇಕಡಾ 55. ದುಬಾರಿ ಬೇರೆ. ಹಾಗಾಗಿ ತಿಂಗಳು ತುಂಬದೆ ಹುಟ್ಟಿದವು, ಹೃದಯದ ತೊಂದರೆ ಇದ್ದವು, ಹೀಗೆ ಆಯ್ದ ಕೂಸುಗಳಿಗೆ ಮಾತ್ರ ಸಿಗುತ್ತಿತ್ತು. ಆಸ್ಪತ್ರೆ ಸೇರುವ ಹೆಚ್ಚಿನ ಕೂಸುಗಳಾದರೋ ತುಂಬು ತಿಂಗಳಲ್ಲಿ ಆರೋಗ್ಯವಾಗಿ ಹುಟ್ಟಿದವೇ.

ನಿರ್ಸೆವಿಮ್ಯಾಬ್ ಮಾಡಿದವರು ಪ್ರತಿಕಾಯವನ್ನೇ ಎರಡು ಕಡೆ ತಿದ್ದಿದರು. ನನಗೆ ಈ ಉತ್ಪನ್ನದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು.

ಪ್ರತಿಕಾಯಕ್ಕೆ ಎರಡು ತೋಳು, ಒಂದು ಕಾಂಡ. ತೋಳು ವೈರಸ್ಸನ್ನು ಹಿಡಿಯುತ್ತದೆ. ರಕ್ತದಲ್ಲಿ ಎಷ್ಟು ಕಾಲ ಉಳಿಯಬೇಕೆಂಬುದು ಕಾಂಡದ ಕೈಯಲ್ಲಿದೆ. ರಕ್ತನಾಳದ ಒಳಪದರದ ಜೀವಕೋಶಗಳು ರಕ್ತದ ದ್ರವವನ್ನು ಸದಾ ಒಳಗೆ ಎಳೆದುಕೊಳ್ಳುತ್ತಿರುತ್ತವೆ. ಹಾಗೆ ಒಳಬಂದ ಪ್ರೋಟೀನು ಆಮ್ಲೀಯವಾದ ಪುಟ್ಟ ಚೀಲ ಸೇರಿ ಒಡೆದುಹೋಗಬೇಕು. ಆದರೆ ಆ ಚೀಲದಲ್ಲಿ ಎಫ್‌ಸಿಆರ್‌ಎನ್ ಎಂಬ ಗ್ರಾಹಕವೊಂದಿದೆ, ಅಂದರೆ ಹಿಡಿದುಕೊಳ್ಳುವ ಪ್ರೋಟೀನು. ಅದು ಪ್ರತಿಕಾಯದ ಕಾಂಡವನ್ನು ಹಿಡಿದು ಕಾಪಾಡಿ ಮತ್ತೆ ರಕ್ತಕ್ಕೆ ಬಿಡುತ್ತದೆ. ಕಾಂಡದ 252, 254 ಮತ್ತು 256ನೇ ಸ್ಥಾನದ ಮೂರು ಅಮೈನೋ ಆಮ್ಲಗಳನ್ನು (ಪ್ರೋಟೀನನ್ನು ಕಟ್ಟುವ ತುಣುಕುಗಳು) ಬದಲಾಯಿಸಿದರೆ, ಆಮ್ಲೀಯ ಚೀಲದೊಳಗೆ ಈ ಹಿಡಿತ ಸುಮಾರು ಹತ್ತು ಪಟ್ಟು ಬಿಗಿಯಾಗುತ್ತದೆ. ರಕ್ತಕ್ಕೆ ಮರಳಿದಾಗ ಮಾತ್ರ ಸಲೀಸಾಗಿ ಕಳಚಿಕೊಳ್ಳುತ್ತದೆ. ಕಾಂಡಕ್ಕೆ ಮಾಡಿದ್ದು ಇಷ್ಟೇ ತಿದ್ದುಪಡಿ. ಕೂಸಿನ ರಕ್ತದಲ್ಲಿ ಇದು ಅರ್ಧಕ್ಕಿಳಿಯಲು ಸುಮಾರು 70 ದಿನ ಬೇಕು. ಐದು ಸೂಜಿಯ ಜಾಗಕ್ಕೆ ಒಂದೇ ಸೂಜಿ ಬಂದದ್ದು ಹೀಗೆ.

ತಾಯಿಯ ಪ್ರತಿಕಾಯಗಳನ್ನು ಮಾಸಿನ ಮೂಲಕ ಹೊಟ್ಟೆಯ ಕೂಸಿಗೆ ದಾಟಿಸುವುದೂ ಇದೇ ಗ್ರಾಹಕವೇ. ಪಾಠ ಹೇಳುವಾಗ ನಾನು ಇದನ್ನು ವಿದ್ಯಾರ್ಥಿನಿಯರಿಗೆ ಎರಡು ಸಲ ಹೇಳುತ್ತಿದ್ದೆ. ತಾಯಿ ಕೂಸಿಗೆ ಕೊಡುವ ರಕ್ಷಣೆಯ ದಾರಿಯನ್ನೇ ಹಿಡಿದು ಈ ಔಷಧ ರೂಪುಗೊಂಡಿದೆ ಎಂದು ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು.

ಇನ್ನು ತೋಳು. ಇದರ ಮೂಲ ಡಿ25 ಎಂಬ ಪ್ರತಿಕಾಯ. ನೆದರ್ಲ್ಯಾಂಡ್ಸ್‌ನ ವಿಜ್ಞಾನಿಗಳು ಪ್ರತಿಕಾಯ ತಯಾರಿಸುವ, ಮನುಷ್ಯರ ಬಿ ಜೀವಕೋಶಗಳಿಂದ ಹೆಕ್ಕಿ ತೆಗೆದದ್ದು. ಅದಕ್ಕೆ ಇನ್ನಷ್ಟು ಹಿಡಿತ ಬರುವಂತೆ ತಿದ್ದಿ ನಿರ್ಸೆವಿಮ್ಯಾಬ್ ಮಾಡಿದರು. ಪ್ರಯೋಗಾಲಯದಲ್ಲಿ ವೈರಸ್ಸನ್ನು ತಡೆಯುವುದರಲ್ಲಿ ಇದು ಸಿನಾಜಿಸ್‌ಗಿಂತ 50 ಪಟ್ಟಿಗೂ ಹೆಚ್ಚು ಶಕ್ತಿಶಾಲಿ. ಕಾರಣ, ಇದು ಹಿಡಿಯುವ ಜಾಗವೇ ಬೇರೆ. ಆರ್‌ಎಸ್‌ವಿಯ ಮೈಮೇಲೆ ಎಫ್ ಎಂಬ ಪ್ರೋಟೀನಿದೆ, ಅದರಿಂದಲೇ ವೈರಸ್ ನಮ್ಮ ಜೀವಕೋಶಕ್ಕೆ ಬೆಸೆದುಕೊಳ್ಳುತ್ತದೆ. ಬೆಸೆಯುವ ಮುಂಚೆ ಅದು ಮಡಿಸಿದ ಕೊಡೆಯಂತೆ ಗಿಡ್ಡಗೆ ಕೂತಿರುತ್ತದೆ. ಬೆಸೆಯುವ ಕ್ಷಣದಲ್ಲಿ ಚಿಮ್ಮಿ ಉದ್ದವಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಡಿ25 ಹಿಡಿಯುವುದು ಮಡಿಸಿದ ರೂಪದ ನೆತ್ತಿಯನ್ನು. ಚಿಮ್ಮಿದ ಮೇಲೆ ಆ ನೆತ್ತಿಯೇ ಇರುವುದಿಲ್ಲ.

ಇದರ ಬೆಲೆ ತಿಳಿಯಬೇಕಾದರೆ 1966ಕ್ಕೆ ಹೋಗಬೇಕು. ಆ ವರ್ಷ ಅಮೆರಿಕದಲ್ಲಿ ಫಾರ್ಮಲಿನ್ ಎಂಬ ರಾಸಾಯನಿಕದಿಂದ ಕೊಂದ ಆರ್‌ಎಸ್‌ವಿ ವೈರಸ್ಸಿನ ಲಸಿಕೆಯನ್ನು ಕೂಸುಗಳಿಗೆ ಹಾಕಿ ನೋಡಿದರು. ವಾಷಿಂಗ್ಟನ್‌ನ ಒಂದು ಗುಂಪಿನಲ್ಲಿ, ಲಸಿಕೆ ಹಾಕಿಸಿಕೊಂಡ ಮೇಲೆ ಸೋಂಕು ತಗುಲಿದ 20 ಕೂಸುಗಳಲ್ಲಿ 16 ಆಸ್ಪತ್ರೆ ಸೇರಿದವು, ಎರಡು ಸತ್ತವು. ಲಸಿಕೆ ಇಲ್ಲದ ಕೂಸುಗಳು ಅವಕ್ಕಿಂತ ಎಷ್ಟೋ ಮೇಲಿದ್ದವು. ಆ ಭಯದಲ್ಲಿ ಆರ್‌ಎಸ್‌ವಿ ಲಸಿಕೆಯ ಕೆಲಸ ದಶಕಗಳ ಕಾಲ ಕುಂಟಿತು. ಫಾರ್ಮಲಿನ್ ತಾಗಿದ ವೈರಸ್ಸಿನ ಎಫ್ ಚಿಮ್ಮಿದ ರೂಪದಲ್ಲಿತ್ತು, ಕೂಸುಗಳ ದೇಹ ಆ ರೂಪಕ್ಕೆ ಮಾಡಿದ ಪ್ರತಿಕಾಯ ಜೀವಂತ ವೈರಸ್ಸನ್ನು ತಡೆಯಲಾರದೆ ಹೋಯಿತು ಎಂಬುದು ಬಹಳ ಕಾಲದ ಮೇಲೆ ತಿಳಿಯಿತು.

2013ರಲ್ಲಿ ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ, ಪೀಟರ್ ಕ್ವಾಂಗ್ ಮತ್ತು ಜೊತೆಗಾರರು ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಇದೇ ಡಿ25ನ ನೆರವಿನಿಂದ ಎಫ್ ಅನ್ನು ಮಡಿಸಿದ ರೂಪದಲ್ಲೇ ಹಿಡಿದಿಟ್ಟು, ಅದರ ರಚನೆಯನ್ನು ಅಣು ಅಣುವಾಗಿ ಕಂಡುಕೊಂಡರು. ಎಲ್ಲಿ ಬಿಗಿದರೆ ಅದು ಚಿಮ್ಮದೆ ನಿಲ್ಲುತ್ತದೆ ಎಂದು ನೋಡಿ, ಅಮೈನೋ ಆಮ್ಲ ಬದಲಾಯಿಸಿ, ಅಲುಗದಂಥ ಎಫ್ ತಯಾರಿಸಿದರು. ಅದನ್ನು ಪ್ರಾಣಿಗಳಿಗೆ ಕೊಟ್ಟಾಗ ವೈರಸ್ಸನ್ನು ನಿಜಕ್ಕೂ ತಡೆಯುವ ಪ್ರತಿಕಾಯ ಹೇರಳವಾಗಿ ಹುಟ್ಟಿತು. 2023ರಲ್ಲಿ ಒಪ್ಪಿಗೆ ಪಡೆದ ಎರಡು ಆರ್‌ಎಸ್‌ವಿ ಲಸಿಕೆಗಳು, ಹಿರಿಯರ ಅರೆಕ್ಸ್‌ವಿ ಮತ್ತು ಹಿರಿಯರಿಗೂ ಗರ್ಭಿಣಿಯರಿಗೂ ಕೊಡುವ ಅಬ್ರಿಸ್ವೊ, ಈ ಮಡಿಸಿದ ಎಫ್‌ನ ಮೇಲೇ ನಿಂತಿವೆ. ಅದೇ ಗ್ರಹಾಂ, ಅದೇ ಮೆಕ್‌ಲೆಲನ್ ಇದೇ ಯೋಚನೆಯನ್ನು ಕೊರೊನಾ ವೈರಸ್ಸಿನ ಸ್ಪೈಕ್ ಪ್ರೋಟೀನಿಗೂ ಒಯ್ದರು. ಪ್ರೋಲೀನ್ ಎಂಬ ಅಮೈನೋ ಆಮ್ಲವನ್ನು ಎರಡು ಕಡೆ ಸೇರಿಸಿ ಬಿಗಿದ ಆ ಸ್ಪೈಕ್ ಫೈಜರ್ ಮತ್ತು ಮಾಡರ್ನಾ ಲಸಿಕೆಗಳಲ್ಲಿದೆ. ಕೂಸುಗಳ ನೆಗಡಿ ವೈರಸ್ ಮೇಲೆ ಮಾಡಿದ ಕೆಲಸ ಕೋವಿಡ್ ಕಾಲದಲ್ಲಿ ನಮ್ಮನ್ನು ಕಾಯಿತು. ಇಂಥ ಸಂಶೋಧನೆಗೆ ದುಡ್ಡು ಯಾಕೆ ಎಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಮೆಲೊಡಿ ಎಂಬ ಪ್ರಯೋಗದಲ್ಲಿ ವೈದ್ಯರ ಬಳಿ ಹೋಗಬೇಕಾಗುವಷ್ಟು ಎದೆಗಿಳಿದ ಆರ್‌ಎಸ್‌ವಿ ಶೇಕಡಾ 74.5 ಕಡಿಮೆಯಾಯಿತು. ಬ್ರಿಟನ್, ಫ್ರಾನ್ಸ್, ಜರ್ಮನಿಯ 8058 ಕೂಸುಗಳ ಹಾರ್ಮನಿ ಪ್ರಯೋಗದಲ್ಲಿ ಆಸ್ಪತ್ರೆ ಸೇರುವುದು ಶೇಕಡಾ 83ರಷ್ಟು ಇಳಿಯಿತು. ಪ್ರಯೋಗದ ಲೆಕ್ಕ ಒಂದು ಕಡೆ ಇರಲಿ. ಸ್ಪೇನಿನ ಗಲೀಸಿಯಾ ಪ್ರಾಂತ್ಯದಲ್ಲಿ 2023ರ ಚಳಿಗಾಲದಲ್ಲಿ ಎಲ್ಲ ಕೂಸುಗಳಿಗೂ ಇದನ್ನು ಕೊಡಲು ಹೊರಟು, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕೂಸುಗಳನ್ನು ಮುಟ್ಟಿದರು. ಅಲ್ಲಿಯೂ ಆಸ್ಪತ್ರೆ ಸೇರುವುದರ ವಿರುದ್ಧ ಶೇಕಡಾ 82ರಷ್ಟು ರಕ್ಷಣೆ ಕಂಡಿತು. ವಾರ್ಡ್ ತುಂಬಿ ನೆಲದ ಮೇಲೆ ಹಾಸಿಗೆ ಹಾಕಿದ ದಿನಗಳನ್ನು ಕಂಡ ನನಗೆ ನಂಬಿಕೆ ಬಂದದ್ದು ಗಲೀಸಿಯಾದ ಲೆಕ್ಕದಿಂದ.

"ಹೊರಗಿನಿಂದ ಪ್ರತಿಕಾಯ ಕೊಟ್ಟರೆ ಕೂಸಿನ ಸ್ವಂತ ಶಕ್ತಿ ಬೆಳೆಯುವುದಿಲ್ಲವಲ್ಲ" ಎಂದು ನನ್ನ ಅಳಿಯ ಕೇಳಿದ. ನ್ಯಾಯವಾದ ಪ್ರಶ್ನೆ. ಈ ಔಷಧ ಪಡೆದ ಕೂಸುಗಳ ರಕ್ತ ಪರೀಕ್ಷಿಸಿದವರು, ಔಷಧ ಅಂಟಿಕೊಳ್ಳದ ಚಿಮ್ಮಿದ ಎಫ್‌ನ ವಿರುದ್ಧ ಪ್ರತಿಕಾಯ ಇದೆಯೇ ಎಂದು ಹುಡುಕಿದರು. ಇತ್ತು. ಅಂದರೆ ವೈರಸ್ ತಗುಲಿದಾಗ ಕೂಸಿನ ದೇಹ ತಾನೇ ಕಲಿಯುತ್ತದೆ, ಆದರೆ ಎದೆ ಕಟ್ಟುವ ಮಟ್ಟಕ್ಕೆ ಹೋಗದೆ ಕಲಿಯುತ್ತದೆ. ಡಿಪಿಟಿ, ಪೋಲಿಯೊ ಮುಂತಾದ ಲಸಿಕೆಗಳ ಜೊತೆಗೂ ಇದನ್ನು ಕೊಡಬಹುದು. ಇದು ಆರ್‌ಎಸ್‌ವಿಯ ಎಫ್ ಒಂದನ್ನು ಬಿಟ್ಟು ಬೇರೆ ಯಾವುದಕ್ಕೂ ಅಂಟುವುದಿಲ್ಲ, ಆದ್ದರಿಂದ ಆ ಲಸಿಕೆಗಳ ಕೆಲಸಕ್ಕೆ ಅಡ್ಡಬರುವುದಿಲ್ಲ.

ಈಗ ಕಳೆದ ಅರ್ಧ ಅಂಕದ ವಿಷಯ. ಬೆಲೆ ಮೊದಲನೆಯದು. ಬಿಡುಗಡೆಯಾದಾಗ ಒಂದು ಡೋಸಿಗೆ ಕಂಪನಿ ಇಟ್ಟ ಬೆಲೆ 495 ಡಾಲರ್. ಇಲ್ಲಿ ಮಗಳ ಇನ್ಶೂರೆನ್ಸ್ ಕಟ್ಟಿತು, ನಮ್ಮ ಕೈಯಿಂದ ಏನೂ ಹೋಗಲಿಲ್ಲ. ಇನ್ಶೂರೆನ್ಸ್ ಇಲ್ಲದ ಮಕ್ಕಳಿಗೆ ಸರ್ಕಾರದ ಮಕ್ಕಳ ಲಸಿಕಾ ಯೋಜನೆಯಲ್ಲಿ ಸಿಗುತ್ತದೆ. ಎರಡನೆಯದು ದಾಸ್ತಾನು. ಮೊದಲ ವರ್ಷ, 2023ರ ಅಕ್ಟೋಬರಿನಲ್ಲಿ, ಬೇಡಿಕೆಗೆ ಸಾಲದೆ 100 ಮಿಲಿಗ್ರಾಂ ಡೋಸನ್ನು ಹೆಚ್ಚು ಅಪಾಯದ ಕೂಸುಗಳಿಗೆ ಮೀಸಲಿಡಿ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳಬೇಕಾಯಿತು. ಈಗ ಅಂಥ ಪರಿಸ್ಥಿತಿ ಇಲ್ಲ. ಆದರೂ ಮಗಳು ಹೆತ್ತ ಆಸ್ಪತ್ರೆಯಲ್ಲಿ ಕೇಳಿದಾಗ ನಮ್ಮಲ್ಲಿ ಇಟ್ಟಿಲ್ಲ, ಮಕ್ಕಳ ಡಾಕ್ಟರ ಹತ್ತಿರ ಹಾಕಿಸಿ ಎಂದರು. ಕ್ಲಿನಿಕ್ಕಿನಲ್ಲಿ ತರಿಸಿಕೊಡುವವರೆಗೆ ಕಾಯಬೇಕಾಯಿತು. ನೋಡಲು ಬರುವವರನ್ನೆಲ್ಲ ಆ ದಿನಗಳಲ್ಲಿ ಬಾಗಿಲಲ್ಲೇ ನಿಲ್ಲಿಸಿದೆ, ಕೆಲವರಿಗೆ ಬೇಜಾರೂ ಆಯಿತು.

ವೈರಸ್ ರೂಪ ಬದಲಾಯಿಸಿಕೊಳ್ಳುವ ಭಯವೂ ಇದೆ. ಇದೇ ಕೆಲಸಕ್ಕೆಂದು ತಯಾರಾಗುತ್ತಿದ್ದ ಸುಪ್ಟಾವುಮ್ಯಾಬ್ ಎಂಬ ಇನ್ನೊಂದು ಪ್ರತಿಕಾಯ 2017ರಲ್ಲಿ ಕೊನೆಯ ಹಂತದ ಪ್ರಯೋಗದಲ್ಲಿ ಸೋತಿತು. ಆರ್‌ಎಸ್‌ವಿಯ ಬಿ ಬಗೆಯಲ್ಲಿ ಎರಡೇ ಅಮೈನೋ ಆಮ್ಲ ಬದಲಾಗಿ ಅದು ಹಿಡಿಯುವ ಜಾಗವೇ ತಪ್ಪಿಹೋಗಿತ್ತು. ನಿರ್ಸೆವಿಮ್ಯಾಬ್‌ಗೆ ಬಗ್ಗದ ವೈರಸ್ ಈವರೆಗೆ ಅಪರೂಪ, ಆದರೆ ಕಣ್ಣಿಟ್ಟಿರಲೇಬೇಕು. ಹೀಗಾಗಿ ಮರ್ಕ್ ಕಂಪನಿಯ ಎನ್‌ಫ್ಲಾನ್ಸಿಯಾ ಎಂಬ ಇನ್ನೊಂದು ಪ್ರತಿಕಾಯಕ್ಕೆ 2025ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದು ನನಗೆ ಸಮಾಧಾನ. ಅದು ಎಫ್‌ನ ಬೇರೆ ಜಾಗ ಹಿಡಿಯುತ್ತದೆ, ಕೂಸಿನ ತೂಕ ಎಷ್ಟಿದ್ದರೂ 105 ಮಿಲಿಗ್ರಾಂ. ಕ್ಲಿನಿಕ್ಕಿನಲ್ಲಿ ಅದೇ ಇದ್ದರೆ ಬೇಫೋರ್ಟಸ್ಸೇ ಬೇಕೆಂದು ಹಠ ಹಿಡಿಯಬೇಡಿ.

ತಾಯಿ ಹಾಕಿಸಿಕೊಳ್ಳುವ ಅಬ್ರಿಸ್ವೊ ಇನ್ನೊಂದು ದಾರಿ. ಅಮೆರಿಕದಲ್ಲಿ 32ರಿಂದ 36 ವಾರದ ಬಸುರಿಯರಿಗೆ, ಸೆಪ್ಟೆಂಬರಿನಿಂದ ಜನವರಿಯವರೆಗೆ ಕೊಡುತ್ತಾರೆ. ಹೆರಿಗೆಗೆ ಎರಡು ವಾರ ಮುಂಚೆಯಾದರೂ ಹಾಕಿಸಿಕೊಂಡಿದ್ದರೆ ಹೆಚ್ಚಿನ ಕೂಸುಗಳಿಗೆ ಬೇಫೋರ್ಟಸ್ ಬೇಕಾಗುವುದಿಲ್ಲ. ನನ್ನ ಮಗಳಿಗೆ ಆಗಸ್ಟಿನಲ್ಲೇ 36 ವಾರ ದಾಟಿತ್ತು, ಹಾಗಾಗಿ ಆ ದಾರಿ ಇರಲಿಲ್ಲ. ನಮ್ಮ ದೇಶದ ಮಟ್ಟಿಗೆ ನನಗೆ ಹೆಚ್ಚು ಆಸೆ ಇರುವುದು ತಾಯಿಯ ಲಸಿಕೆಯ ಮೇಲೆ. ಬಸುರಿಯರಿಗೆ ಧನುರ್ವಾಯು ತಡೆಯುವ ಟಿಡಿ ಇಂಜೆಕ್ಷನ್ ಕೊಡುವ ವ್ಯವಸ್ಥೆ, ಅದನ್ನು ನೆನಪಿಸಿ ಕರೆತರುವ ಆಶಾ ಕಾರ್ಯಕರ್ತೆಯರು ಹಳ್ಳಿ ಹಳ್ಳಿಯಲ್ಲಿದ್ದಾರೆ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಾಯಿಯ ಲಸಿಕೆ, ಕೂಸಿನ ಪ್ರತಿಕಾಯ ಎರಡನ್ನೂ ಎಲ್ಲ ದೇಶಗಳಿಗೆ ಶಿಫಾರಸು ಮಾಡಿದೆ. ಎರಡರಲ್ಲಿ ಒಂದಾದರೂ ತಾಲ್ಲೂಕು ಆಸ್ಪತ್ರೆಯ ಫ್ರಿಜ್ಜಿಗೆ, ಕೂಲಿ ಮಾಡುವವರ ಕೂಸಿಗೆ ಪುಕ್ಕಟೆಯಾಗಿ ಬರುವ ತನಕ ನಾನು ಪೂರ್ತಿ ಐದು ಕೊಡಲಾರೆ.

ಹೆರಿಗೆ ದಿನ ಹತ್ತಿರವಿರುವವರು ಈಗಲೇ ಆಸ್ಪತ್ರೆಗೆ ಫೋನ್ ಮಾಡಿ ಬೇಫೋರ್ಟಸ್ ಅಥವಾ ಎನ್‌ಫ್ಲಾನ್ಸಿಯಾ ಹುಟ್ಟಿದ ವಾರದಲ್ಲೇ ಕೊಡುತ್ತಾರೆಯೇ ಎಂದು ಕೇಳಿ. ಇಲ್ಲವೆಂದರೆ ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂಚೆಯೇ ಹೇಳಿಟ್ಟರೆ ತರಿಸಿಡುತ್ತಾರೆ. ಕಾರ್ಡಿನಲ್ಲಿ ತಾರೀಖು ಮತ್ತು ಎಷ್ಟು ಮಿಲಿಗ್ರಾಂ ಎಂದು ಬರೆಸಿಕೊಳ್ಳಿ. ರಕ್ಷಣೆಯ ಲೆಕ್ಕ ಸುಮಾರು ಐದು ತಿಂಗಳು. ಇಲ್ಲಿ ಅಕ್ಟೋಬರಿನಲ್ಲಿ ಹಾಕಿಸಿಕೊಂಡ ಕೂಸನ್ನು ಅಜ್ಜಿಮನೆಗೆಂದು ಜುಲೈನಲ್ಲಿ ಊರಿಗೆ ಕರೆದೊಯ್ಯುವುದಿದ್ದರೆ, ನಮ್ಮ ಕಡೆ ಎದೆಗಟ್ಟುವ ಕಾಲ ಮಳೆಗಾಲ ಎಂಬುದನ್ನು ಟಿಕೆಟ್ ಕೊಳ್ಳುವ ಮುಂಚೆ ಡಾಕ್ಟರಿಗೆ ತಿಳಿಸಿ, ಏನು ಮಾಡಬೇಕೆಂದು ಕೇಳಿಕೊಳ್ಳಿ.